ಹೊಳೆ ಬದಿ ಕುದುರೆ ಸವಾರಿ: ಕೊಡಗಿನಲ್ಲಿ ಯಾವ ಜಾಗ ಆರಿಸೋದು, ಯಾವ ಅನುಮತಿ ಕೇಳೋದು?

ಹೋಂಸ್ಟೇ ನಡೆಸುವ ಸ್ನೇಹಿತರು, ತೋಟ ಇರುವ ಪರಿಚಯದವರು ಈಚೆಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ನಾಲ್ಕೈದು ಕುದುರೆ ತಂದು, ಜೊತೆಗೆ ನುರಿತವರೊಬ್ಬರನ್ನು ಇಟ್ಟು, ಪ್ರವಾಸಿಗರನ್ನು ಹೊಳೆ ಕಾಣುವ ಹಾಗೆ ಸುತ್ತಾಡಿಸಬೇಕು. ಇದನ್ನು ತೋಟದೊಳಗೇ ಮಾಡೋಣವಾ? ಹೊಳೆಗೆ ತಾಗಿದ ಗದ್ದೆಯನ್ನು ಭೂ ಪರಿವರ್ತನೆ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾವಣೆ, ಮಾಡಿಸೋಣವಾ? ಕುಶಾಲನಗರದ ಬಯಲು ಕಡೆ ಜಾಗ ಹಿಡಿಯೋಣವಾ? ಇಲ್ಲ ಕಾಡಂಚಿನ ದಾರಿಗೆ ಅರಣ್ಯ ಇಲಾಖೆಯನ್ನು ಕೇಳೋಣವಾ? ಈ ನಾಲ್ಕೂ ಕೊಡಗಿನಲ್ಲಿ ಜನ ಯೋಚಿಸುವ ದಾರಿಗಳೇ. ಆದರೆ ಒಂದೊಂದಕ್ಕೂ ಅಲೆಯಬೇಕಾದ ಕಚೇರಿ ಬೇರೆ, ಆಗುವ ಖರ್ಚು ಬೇರೆ. ಮಳೆಗಾಲ ಬಂದಾಗ ಯಾವುದು ನಿಲ್ಲುತ್ತೆ, ಯಾವುದು ನಿಲ್ಲಲ್ಲ ಅನ್ನುವುದೂ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಳೆ ಎಷ್ಟು ಚೆಂದ ಕಾಣುತ್ತೆ ಅಂತ ನೋಡಿ ಜಾಗ ಆರಿಸಬೇಡಿ. ಲದ್ದಿ ಎಲ್ಲಿಗೆ ಹೋಗುತ್ತೆ, ಮಳೆ ನೀರು ಯಾವ ಕಡೆ ಇಳಿಯುತ್ತೆ ಅಂತ ನೋಡಿ ಆರಿಸಿ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥದ ನೀರನ್ನು ಕೆಳಗಿನ ಊರುಗಳ ಜನ ಕುಡಿಯುತ್ತಾರೆ. ಅದು ಹಾಳಾಗದ ಹಾಗೆ ನೋಡಿಕೊಂಡ ಯೋಜನೆಗೆ ಕಚೇರಿಯಲ್ಲೂ ತಕರಾರು ಕಡಿಮೆ, ಊರಲ್ಲೂ ತಕರಾರು ಕಡಿಮೆ.

ಅನುಮತಿ ಅಂದರೆ ಒಂದು ಕಾಗದವಲ್ಲ

'ಪರ್ಮಿಷನ್ ತಗೋಬೇಕು' ಅಂತ ಎಲ್ಲರೂ ಒಂದೇ ಮಾತಲ್ಲಿ ಹೇಳುತ್ತಾರೆ. ನಿಜವಾಗಿ ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಕುದುರೆ ಕಟ್ಟುವ ಜಾಗ ಯಾವುದು? ಕುದುರೆ ನಡೆಯುವ ದಾರಿ ಯಾರದ್ದು? ಮೇಲೆ ಕೂರುವ ಜನರ ಹೊಣೆ ಯಾರದ್ದು? ಈ ಮೂರನ್ನೂ ಬೆರೆಸಿ ಒಂದೇ ಅರ್ಜಿ ಬರೆದುಕೊಂಡು ಹೋದರೆ ಆ ಕಚೇರಿಯಿಂದ ಈ ಕಚೇರಿಗೆ ಅಲೆಯೋದೇ ಆಗುತ್ತೆ.

ಕಟ್ಟುವ ಜಾಗದ ವಿಚಾರ ಮೊದಲು. ಕರ್ನಾಟಕ ಭೂ ಸುಧಾರಣಾ ಕಾಯ್ದೆಯಲ್ಲಿ ಜಾನುವಾರು ಸಾಕಣೆ, ಮೇಯಿಸುವುದು ಎಲ್ಲ ಕೃಷಿಯೊಳಗೇ ಬರುತ್ತವೆ. ಹಾಗಾಗಿ ಸ್ವಂತ ಜಮೀನಿನಲ್ಲಿ ಎರಡು ಕುದುರೆ ಸಾಕಿಕೊಂಡರೆ ಯಾರೂ ಕೇಳುವುದಿಲ್ಲ. ಟಿಕೆಟ್ ಇಟ್ಟು, ಬೋರ್ಡು ಹಾಕಿ, ಪಾರ್ಕಿಂಗು, ಶೌಚಾಲಯ, ಕಾಫಿ ಕುಡಿಯುವ ಶೆಡ್ಡು ಮಾಡಿದ ಕೂಡಲೇ ಅದು ವ್ಯವಹಾರ. ಆಗ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಅಷ್ಟು ಜಾಗಕ್ಕೆ ಜಿಲ್ಲಾಧಿಕಾರಿಯಿಂದ ಪರಿವರ್ತನೆ ಆಗಬೇಕು. ಜಾಗ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಬರುತ್ತೆ. ಮಡಿಕೇರಿಯಲ್ಲಾದರೆ ನಗರಾಭಿವೃದ್ಧಿ ಪ್ರಾಧಿಕಾರ ಇದನ್ನು ನೋಡುತ್ತೆ. ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಸರ್ವೆ ನಂಬರು ಕೃಷಿ ವಲಯದಲ್ಲಿದೆಯೋ, ವಸತಿಯಲ್ಲೋ, ವಾಣಿಜ್ಯದಲ್ಲೋ ಅನ್ನುವುದು ಅಲ್ಲಿ ಮುಖ್ಯ. ವಲಯ ಹೊಂದದಿದ್ದರೆ ಭೂ ಉಪಯೋಗ ಬದಲಾವಣೆಗೆ ಬೇರೆ ಅರ್ಜಿ ಹಾಕಬೇಕು. ಆ ವ್ಯಾಪ್ತಿಯ ಹೊರಗಾದರೆ ಕಟ್ಟಡಕ್ಕೂ ವ್ಯಾಪಾರದ ಲೈಸೆನ್ಸಿಗೂ ಗ್ರಾಮ ಪಂಚಾಯಿತಿ.

ದಾರಿಯ ವಿಚಾರ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಹೊಳೆಗೆ ಇಳಿಯುವ ದಾರಿಯನ್ನು ಊರವರು ತಲೆಮಾರಿನಿಂದ ಬಳಸುತ್ತಿರುತ್ತಾರೆ. ಅದು ನಮ್ಮದೇ ಅನ್ನಿಸಿಬಿಡುತ್ತೆ. ಗ್ರಾಮ ನಕ್ಷೆ ತೆಗೆದು ನೋಡಿದರೆ ಅದು ಬಿ ಖರಾಬು, ಅಂದರೆ ಸಾಗುವಳಿಗೆ ಬಾರದ, ಸಾರ್ವಜನಿಕರ ಜಾಗ. ತೋಡು, ಕೊಲ್ಲಿ ಅನ್ನುವ ಸಣ್ಣ ಹಳ್ಳಗಳು, ಕಾಲುದಾರಿ, ಸ್ಮಶಾನ ಎಲ್ಲ ಇದರಲ್ಲೇ ಬರುತ್ತವೆ. ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಖರಾಬು ಎಷ್ಟಿದೆ, ಅದು ಎ ಖರಾಬೋ ಬಿ ಖರಾಬೋ ನೋಡಿ. ಹೊಳೆ ದಂಡೆ ಪೈಸಾರಿ ಆಗಿದ್ದರೆ ಅದು ಸರ್ಕಾರದ್ದು. ನಿಮ್ಮ ಬೇಲಿ ಅಲ್ಲಿವರೆಗೆ ಹೋಗಿದೆ ಅಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ.

ಮೂರನೆಯದು ಜನ ಮತ್ತು ಪ್ರಾಣಿ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಆಗಿದ್ದರೂ ಕುದುರೆ ಸವಾರಿ ಅದರೊಳಗೆ ತಾನಾಗಿ ಸೇರುವುದಿಲ್ಲ. ಅದನ್ನು ಬೇರೆಯಾಗಿ ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 2018ರ ಸಾಹಸ ಪ್ರವಾಸದ ಮಾರ್ಗಸೂಚಿಯಲ್ಲಿ ಕುದುರೆ ಸಫಾರಿಯೂ ಸೇರಿದೆ. ಹೆಲ್ಮೆಟ್, ಪ್ರಥಮ ಚಿಕಿತ್ಸೆ, ವಿಮೆ, ನುರಿತ ಗೈಡ್ ಇವನ್ನೆಲ್ಲ ಅದನ್ನು ನೋಡಿಕೊಂಡೇ ಸಿದ್ಧಮಾಡಿ. ಕುದುರೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ತರುವ ಮುಂಚೆ ಗ್ಲಾಂಡರ್ಸ್ ಪರೀಕ್ಷೆ ಮಾಡಿಸಿ. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ ಕಾಯಿಲೆ. ರಕ್ತದ ಮಾದರಿ ತೆಗೆದು ಕಳಿಸುವ ಬಗ್ಗೆ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಕೇಳಿ.

ಏನನ್ನು ನೋಡಿ ತೂಗಬೇಕು

ನಾಲ್ಕು ಆಯ್ಕೆಗಳನ್ನೂ ನಾನು ಐದು ವಿಷಯ ಇಟ್ಟುಕೊಂಡು ನೋಡುತ್ತೇನೆ. ಆದರೆ ಐದಕ್ಕೂ ಸಮನಾದ ತೂಕ ಕೊಡುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತೂಕ ನೀರಿಗೆ. ಸುಮಾರು 450 ಕೆಜಿಯ ಕುದುರೆ ಒಂದು ದಿನಕ್ಕೆ ಲದ್ದಿ, ಮೂತ್ರ ಸೇರಿ 20 ಕೆಜಿಗೂ ಹೆಚ್ಚು ಹಾಕುತ್ತೆ. ಐದು ಕುದುರೆ ಅಂದರೆ ದಿನಕ್ಕೆ 100 ಕೆಜಿ, ತಿಂಗಳಿಗೆ 3 ಟನ್. ಕಾಫಿಗೂ ಮೆಣಸಿಗೂ ಒಳ್ಳೆಯ ಗೊಬ್ಬರ ಇದು, ಚಿನ್ನದಂಥ ಗೊಬ್ಬರ. ಆದರೆ ಜುಲೈ ತಿಂಗಳ ಮಳೆಯಲ್ಲಿ ಬಯಲಲ್ಲಿ ರಾಶಿ ಹಾಕಿದರೆ ಎರಡೇ ದಿನದಲ್ಲಿ ಅರ್ಧ ಹೊಳೆ ಸೇರಿರುತ್ತೆ. 1974ರ ಜಲ ಮಾಲಿನ್ಯ ಕಾಯ್ದೆ ಹೊಳೆ, ತೋಡಿಗೆ ಮಲಿನ ಬಿಡುವುದನ್ನು ಅಪರಾಧ ಅನ್ನುತ್ತೆ. ಕಾನೂನಿನ ಮಾತು ಹಾಗಿರಲಿ, ಕೆಳಗೆ ನೀರು ಎತ್ತುವ ಪಕ್ಕದ ಮನೆಯವರಿಗೆ ನೀವು ಮುಖ ತೋರಿಸಬೇಕಲ್ಲ?

ಲಾಯ ಎಲ್ಲಿರಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. 2018, 2019ರ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತೋ ಆ ಗುರುತಿಗಿಂತ ಮೇಲೆ, ಅಲ್ಲಿಂದ ಕನಿಷ್ಠ 60 ಮೀಟರ್ ದೂರ. ನಡುವೆ ಹುಲ್ಲು, ಬಿದಿರು ಇರುವ ಪಟ್ಟಿ. ಲದ್ದಿ ಗುಂಡಿಗೆ ತಳ ಸಿಮೆಂಟು, ಮೇಲೆ ಶೀಟು, ಸುತ್ತ ಮಳೆ ನೀರು ಒಳಗೆ ಬಾರದ ಹಾಗೆ ಒಂದು ಅಡಿ ಕಟ್ಟೆ. ಕೆಲವರು 'ಕೆರೆಗೆ 30 ಮೀಟರು, ರಾಜಕಾಲುವೆಗೆ 50 ಮೀಟರು' ಅಂತ ಲೆಕ್ಕ ಹೇಳುತ್ತಾರೆ. ಅದು ಬೆಂಗಳೂರಿನ ಲೆಕ್ಕ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ದೂರವನ್ನು ಹೆಚ್ಚಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಕೊಡಗಿನ ಹೊಳೆ ಬದಿಗೆ ಅದನ್ನೇ ಹಿಡಿದು ವಾದ ಮಾಡಿ ಪ್ರಯೋಜನವಿಲ್ಲ. ನಿಮ್ಮ ಜಾಗಕ್ಕೆ ಎಷ್ಟು ದೂರ ಬಿಡಬೇಕು ಅಂತ ಸಂಬಂಧಪಟ್ಟ ಕಚೇರಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಎರಡನೆಯದು ಆರ್‌ಟಿಸಿ. ತಲೆಮಾರಿನಿಂದ ಬಂದ ಜಮ್ಮಾ ಗದ್ದೆ, ಅದಕ್ಕೆ ಸೇರಿದ ಎತ್ತರದ ಬಾಣೆ ಅಂದರೆ ಪಟ್ಟೆದಾರರ (ಮನೆತನದ ಯಜಮಾನರ) ಹೆಸರಿನ ಜೊತೆ ಒಕ್ಕದ, ಅಂದರೆ ಮನೆತನದ, ಎಷ್ಟೋ ಹೆಸರು ಇರುತ್ತೆ. ಕೆಲವರು ಬೆಂಗಳೂರಲ್ಲಿ, ಕೆಲವರು ವಿದೇಶದಲ್ಲಿ. ಪರಿವರ್ತನೆಗೆ ಎಲ್ಲರ ಸಹಿ ಬೇಕು ಅಂದಾಗ ಕೆಲಸ ಅಲ್ಲಿಗೇ ನಿಲ್ಲುತ್ತೆ. ಮೂರನೆಯದು ಇಳಿಜಾರು ಮತ್ತು ಮಣ್ಣು. ನಾಲ್ಕನೆಯದು ಹುಲಿ, ಆನೆಯ ಓಡಾಟ. ಐದನೆಯದು ಕಾಲ ಮತ್ತು ದುಡ್ಡು, ಅಂದರೆ ಎಷ್ಟು ತಿಂಗಳು ಕಾಯಬೇಕು, ವರ್ಷದಲ್ಲಿ ಎಷ್ಟು ತಿಂಗಳು ಸವಾರಿ ನಡೆಯುತ್ತೆ ಅನ್ನುವುದು.

ತೋಟದೊಳಗಿನ ಸುತ್ತು

ನಾಪೋಕ್ಲು, ಕಕ್ಕಬ್ಬೆ, ಮಾದಾಪುರ, ಸೋಮವಾರಪೇಟೆ ಕಡೆ ಹೋಂಸ್ಟೇ ಇರುವವರಿಗೆ ಇದು ಸುಲಭದ ದಾರಿ. ಜೀಪು ಓಡಾಡುವ ದಾರಿ ತೋಟದೊಳಗೆ ಈಗಾಗಲೇ ಇರುತ್ತೆ. ಅದರಲ್ಲೇ ಒಂದೆರಡು ಕಿಲೋಮೀಟರಿನ ಸುತ್ತು ಹಾಕಿಸಬಹುದು. ಜಾಗವೆಲ್ಲ ನಿಮ್ಮದೇ ಆದ್ದರಿಂದ ದಾರಿಯ ಪ್ರಶ್ನೆ ಬರುವುದಿಲ್ಲ. ಕಾಫಿ ಗಿಡ ಹಾಗೇ ಇರುತ್ತೆ. ಪ್ರವಾಸಿಗರಿಗಾಗಿ ಬಳಸುವ ಸ್ವಲ್ಪ ಜಾಗಕ್ಕೆ ಮಾತ್ರ ಪರಿವರ್ತನೆ, ಪಂಚಾಯಿತಿ ಲೈಸೆನ್ಸು. ಖರ್ಚು ನಾಲ್ಕರಲ್ಲೇ ಕಡಿಮೆ.

ಹೊಳೆ ಎಲ್ಲಿ ಅಂತೀರಾ? ತೋಟದ ಎತ್ತರದ ಬದಿಯಿಂದ ಹೊಳೆ ಕಾಣುವ ಒಂದು ಜಾಗ ಇದ್ದರೆ ಸಾಕು. ಅಲ್ಲಿ ಇಳಿಸಿ, ಹತ್ತು ನಿಮಿಷ ನಿಲ್ಲಿಸಿ, ಕಾಫಿ ಕೊಡಿ. ಬಂದವರಿಗೆ ಬೇಕಾಗಿರುವುದು ಆ ನೋಟ. ಕುದುರೆಯ ಕಾಲು ನೀರಲ್ಲಿ ಇರಲೇಬೇಕು ಅಂತೇನೂ ಇಲ್ಲ.

ಇದರ ತೊಂದರೆ ತೋಟದ ಕೆಲಸದ ಜೊತೆ. ಡಿಸೆಂಬರ್, ಜನವರಿಯಲ್ಲಿ ಪ್ರವಾಸಿಗರೂ ಜಾಸ್ತಿ, ಹಣ್ಣು ಕುಯ್ಯುವ ಕೆಲಸವೂ ಜೋರು. ದಾರಿ ತುಂಬ ಮೂಟೆ, ಆಳು, ಟ್ರ್ಯಾಕ್ಟರು. ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರು. ಪೈಪಿನಿಂದ ನೀರು ಚಿಮ್ಮುವ ಸದ್ದಿಗೆ ಕುದುರೆ ಬೆಚ್ಚುತ್ತೆ. ಮಳೆ ಶುರುವಾಗುವ ಮುಂಚೆ ಗಿಡದ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿ ಮೈಲುತುತ್ತು ಇರುತ್ತೆ. ಕಳೆನಾಶಕ, ಬೋರ್ಡೋ ಬಿದ್ದ ಹುಲ್ಲನ್ನು ಕುದುರೆ ಮೇಯಬಾರದು. ಆದ್ದರಿಂದ ಸಿಂಪಡಣೆಯ ದಿನದ ಪಟ್ಟಿಯನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರ ಹತ್ತಿರ ಕೇಳಿಕೊಂಡೇ ಸವಾರಿಯ ಬುಕಿಂಗ್ ತೆಗೆದುಕೊಳ್ಳಬೇಕು.

ಎರಡು ಕುದುರೆ, ಸಣ್ಣ ಬಂಡವಾಳ, ಮನೆಗೆ ಬಂದವರಿಗೆ ಒಂದು ಹೊಸ ಅನುಭವ ಕೊಡಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹೊಳೆಗೆ ತಾಗಿದ ಗದ್ದೆ

ಮನಸ್ಸು ಸೆಳೆಯುವುದು ಇದು. ಸಿದ್ದಾಪುರ, ನೆಲ್ಯಹುದಿಕೇರಿ, ವಾಲ್ನೂರು ಕಡೆ ಕಾವೇರಿ ಅಗಲವಾಗಿ ಹರಿಯುತ್ತಾಳೆ. ದಂಡೆಯಲ್ಲಿ ಹೊಳೆಮತ್ತಿ, ಬಿದಿರು, ಹೊಂಗೆ. ಫೋಟೋಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಲ್ಕರಲ್ಲಿ ಜಾಸ್ತಿ ತೊಂದರೆ ಇರುವುದೂ ಇಲ್ಲೇ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ಮೊದಲು ನೆಲ. ಕುದುರೆಗಳು ದಿನಾ ಒಂದೇ ಕಡೆ ನೀರಿಗೆ ಇಳಿದರೆ ಏನಾಗುತ್ತೆ ನೋಡಿ. ಮೊದಲು ಹುಲ್ಲು ಹೋಗುತ್ತೆ. ಆಮೇಲೆ ಗೊರಸಿಗೆ ಅಂಟಿ ಮಣ್ಣು ಕಿತ್ತು ಬರುತ್ತೆ. ಮರದ ಬೇರು ಹೊರಗೆ ಕಾಣುತ್ತೆ. ಕೆಲವೇ ವಾರದಲ್ಲಿ ದಂಡೆಯಲ್ಲಿ ಒಂದು ಕೆಸರಿನ ಜಾರು ತಯಾರು. ಏಪ್ರಿಲ್ ಮಳೆ ಎರಡು ಸಲ ಜೋರಾಗಿ ಬಂದರೆ ಸಾಕು, ಆ ಜಾರೇ ಚರಂಡಿಯಾಗಿ ಗದ್ದೆಯ ಮಣ್ಣನ್ನು ಹೊಳೆಗೆ ಹೊರುತ್ತೆ. ಕಲ್ಲು, ಗರಸಿನ ನಡುವೆ ಮೊಟ್ಟೆ ಇಡುವ ಮೀನುಗಳಿಗೆ ಆ ಕೆಸರು ಮಾರಕ. ವಾಲ್ನೂರಿನ ಹತ್ತಿರ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಮಹಶೀರ್ ಮೀನನ್ನು ಉಳಿಸಲು ವರ್ಷಗಳಿಂದ ದುಡಿದಿದೆ. ಅದೇ ಹೊಳೆಗೆ ದಿನಾ ಐದು ಕುದುರೆ ಇಳಿಸುತ್ತೇವೆ ಅಂದರೆ ಆಕ್ಷೇಪ ಬಂದೇ ಬರುತ್ತೆ. ಬರಬೇಕು ಕೂಡ.

ಎರಡನೆಯದು ಪ್ರವಾಹ. 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದದ್ದು, 2019ರ ಆಗಸ್ಟಿನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನೀರು ನುಗ್ಗಿದ್ದು ಇಲ್ಲಿ ಯಾರೂ ಮರೆತಿಲ್ಲ. ಹೊಳೆ ಬದಿ ಹೊಸ ಕಟ್ಟಡ ಅಂದ ಕೂಡಲೇ ಅಧಿಕಾರಿಗಳು ಎರಡು ಸಲ ಯೋಚಿಸುತ್ತಾರೆ. ಅದು ಸರಿಯೇ. ರಾತ್ರಿ ಹೊಳೆ ಏರಿದರೆ ಕಟ್ಟಿ ಹಾಕಿದ ಕುದುರೆಯ ಹಗ್ಗ ಬಿಚ್ಚುವವರು ಯಾರು?

ಮೂರನೆಯದು ಊರಿನ ನಂಬಿಕೆ. ಬಲಮುರಿ, ಗುಹ್ಯ, ಕಣಿವೆ ಕಡೆ ಹೊಳೆ ಅಂದರೆ ಬರೀ ನೀರಲ್ಲ, ತೀರ್ಥ. ಅಕ್ಟೋಬರಿನ ತುಲಾ ಸಂಕ್ರಮಣದ ಸಮಯದಲ್ಲಿ ಜನ ಸ್ನಾನಕ್ಕೆ ಬರುತ್ತಾರೆ. ಅಂಥ ಸ್ನಾನಘಟ್ಟದ ಮೇಲ್ಭಾಗದಲ್ಲಿ ಕುದುರೆ ತೊಳೆಯುವುದು ತಪ್ಪು. ನೀವು ಅನುಮತಿ ತಂದರೂ ಊರು ಒಪ್ಪುವುದಿಲ್ಲ.

ಹಾಗಾದರೆ ಹೊಳೆ ಬದಿ ಗದ್ದೆ ಇರುವವರು ಆಸೆ ಬಿಡಬೇಕಾ? ಬೇಡ. ಲಾಯ, ಪಾರ್ಕಿಂಗು, ಶೌಚಾಲಯ ಎಲ್ಲವನ್ನೂ ಮೇಲಿನ ಬಾಣೆಯಲ್ಲಿ ಅಥವಾ ತೋಟದ ಬದಿ ಮಾಡಿ. ಅಷ್ಟು ಜಾಗಕ್ಕೆ ಮಾತ್ರ 11ಇ ನಕ್ಷೆ (ಜಮೀನಿನ ಒಂದು ಭಾಗವನ್ನು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ ಪರಿವರ್ತನೆಗೆ ಹಾಕಿ. ಗದ್ದೆಯನ್ನು ಗದ್ದೆಯಾಗೇ ಬಿಡಿ. ಭತ್ತ ಕೊಯ್ದ ಮೇಲೆ, ಅಂದರೆ ಪುತ್ತರಿ ಹಬ್ಬ ಕಳೆದು ನೆಲ ಒಣಗಿದ ಮೇಲೆ, ಗದ್ದೆಯ ಅಂಚಿನಲ್ಲಿ ಸವಾರಿ ನಡೆಸಿ. ದಂಡೆಯಿಂದ ದೂರ ಬಿಟ್ಟು ಒಂದು ಮರದ ಬೇಲಿ ಹಾಕಿ, ಕುದುರೆ ಅದನ್ನು ದಾಟದ ಹಾಗೆ ನೋಡಿಕೊಳ್ಳಿ. ಕುಡಿಯುವ ನೀರನ್ನು ತೊಟ್ಟಿಯಲ್ಲಿ ಕೊಡಿ. ಒಂದು ಕುದುರೆಗೆ ದಿನಕ್ಕೆ 25ರಿಂದ 45 ಲೀಟರ್ ಬೇಕು, ಬಾವಿ ನೀರೇ ಸಾಕಾಗುತ್ತೆ. ಅರ್ಜಿಯ ಜೊತೆ ಇದನ್ನೆಲ್ಲ ಒಂದು ಸ್ಕೆಚ್ಚಿನಲ್ಲಿ ಬರೆದು ಕೊಟ್ಟರೆ ಅದನ್ನು ಓದುವ ಅಧಿಕಾರಿಗೂ ನಂಬಿಕೆ ಬರುತ್ತೆ. ಪೂರ್ತಿ ಗದ್ದೆಯನ್ನೇ ಪರಿವರ್ತನೆಗೆ ಹಾಕಿದರೆ ದುಡ್ಡೂ ಜಾಸ್ತಿ, ಅನುಮಾನವೂ ಜಾಸ್ತಿ. 'ಇವರು ಮುಂದೆ ರೆಸಾರ್ಟ್ ಕಟ್ಟುತ್ತಾರೆ' ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

ಕುಶಾಲನಗರದ ಬಯಲು

ಹೆಬ್ಬಾಲೆ, ಕೂಡಿಗೆ, ಕಣಿವೆ, ಹಾರಂಗಿ ಸುತ್ತಮುತ್ತ ನೆಲ ಸಮತಟ್ಟು. ಭಾಗಮಂಡಲದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಇಲ್ಲಿ ಅದರ ಕಾಲು ಭಾಗದ ಆಸುಪಾಸು. ಕುದುರೆಗೆ ಇದೇ ಹಿತ. ಸದಾ ಒದ್ದೆ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತೆ, ವಾಸನೆ ಬರುತ್ತೆ, ಕುಂಟುತ್ತೆ. ಪಶ್ಚಿಮದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸವಾರಿ ಹೆಚ್ಚುಕಮ್ಮಿ ಬಂದ್. ಇಲ್ಲಿ ಮಳೆ ಬಿಟ್ಟ ದಿನಗಳಲ್ಲಿ ನಡೆಸಬಹುದು.

ಮೇವಿನ ವಿಚಾರಕ್ಕೂ ಇದೇ ಅನುಕೂಲ. ಒಂದು ಕುದುರೆಗೆ ದಿನಕ್ಕೆ 6ರಿಂದ 9 ಕೆಜಿ ಒಣ ಮೇವು ಬೇಕು, ಮೇಲೆ ಹುರುಳಿ, ಓಟ್ಸ್, ಕುದುರೆಮಸಾಲೆ ಸೊಪ್ಪು. ಇದೆಲ್ಲ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಬರಬೇಕು. ಮಳೆಗಾಲದಲ್ಲಿ ಜಿಲ್ಲಾಡಳಿತ ಕೊಡಗಿನ ರಸ್ತೆಗಳಲ್ಲಿ ಭಾರಿ ವಾಹನ ನಿಲ್ಲಿಸುವುದು ಮಾಮೂಲಿ. ಮಡಿಕೇರಿಯಿಂದ ಆಚೆ ಇರುವವರು ಮೇ ತಿಂಗಳಲ್ಲೇ ಮೂರು ತಿಂಗಳ ಮೇವು ತುಂಬಿಕೊಳ್ಳಬೇಕು. ಕುಶಾಲನಗರದವರಿಗೆ ಆ ಚಿಂತೆ ಕಡಿಮೆ.

ಇಲ್ಲಿ ಎಚ್ಚರ ಬೇಕಾದ ವಿಷಯ ಎರಡು. ಒಂದು, ಪಟ್ಟಣ ಬೆಳೆಯುತ್ತಿದೆ, ಜಾಗದ ಬೆಲೆ ಜಾಸ್ತಿ. ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬರುವ ಜಾಗವಾದರೆ ವಲಯದ ಪ್ರಮಾಣಪತ್ರ ನೋಡದೆ ಲೀಸಿಗೂ ಹಿಡಿಯಬೇಡಿ. ಪರಿವರ್ತನೆ ಆಗಿರುವ ಜಾಗ ಅಂದರೂ ಯಾವುದಕ್ಕೆ ಆಗಿದೆ ಅಂತ ನೋಡಿ. ವಸತಿಗೆ ಆಗಿರುವ ಜಾಗದಲ್ಲಿ ಕುದುರೆ ವ್ಯವಹಾರ ನಡೆಸುವುದು ಇನ್ನೊಂದು ತಕರಾರಿಗೆ ದಾರಿ. ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನೂ ನೆನಪಿಡಿ. ಎರಡು, ಹಾರಂಗಿ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದು ದೊಡ್ಡ ಬಯಲು ತೆರೆದುಕೊಳ್ಳುತ್ತೆ. ನೋಡಿದರೆ ಕುದುರೆ ಓಡಿಸೋಕೇ ಮಾಡಿದ ಹಾಗಿರುತ್ತೆ. ಆದರೆ ಅದು ಜಲಾಶಯಕ್ಕೆ ಸ್ವಾಧೀನವಾದ ಜಾಗ, ಕಾವೇರಿ ನೀರಾವರಿ ನಿಗಮದ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗಿಲ್ಲ. ಬಿದ್ದ ಲದ್ದಿಯ ಮೇಲೆ ಜೂನ್‌ನಲ್ಲಿ ನೀರು ಬಂದು ನಿಲ್ಲುತ್ತೆ. ನಾನಂತೂ ಆ ಬಯಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಂಡವಾಳ ಇರುವವರಿಗೆ, ಐದಕ್ಕಿಂತ ಜಾಸ್ತಿ ಕುದುರೆ ಇಟ್ಟು ಇದನ್ನೇ ಜೀವನ ಮಾಡಿಕೊಳ್ಳುವವರಿಗೆ, ಸವಾರಿ ಕಲಿಸುವ ಶಾಲೆಯೂ ಬೇಕು ಅನ್ನುವವರಿಗೆ ಈ ಬಯಲೇ ಸರಿ. ಕಾಡು, ಮಂಜು, ತೋಟದ ನೆರಳು ಇಲ್ಲ ಅನ್ನುವ ಕೊರತೆ ಇದ್ದೇ ಇದೆ.

ಕಾಡಂಚಿನ ದಾರಿ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಬಹುತೇಕ ಜನರಿಗೆ ಇದು ಆಗುವ ಮಾತಲ್ಲ. ಕೊಡಗಿನಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರು ವನ್ಯಧಾಮ, ಜೊತೆಗೆ ನಾಗರಹೊಳೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ವನ್ಯಧಾಮದೊಳಗೆ ಹೋಗಲು ಅನುಮತಿ ಬೇಕೇಬೇಕು. ಮನುಷ್ಯರ ಚಾರಣಕ್ಕೆ ಸಿಗುವ ಅನುಮತಿ ಕುದುರೆಗೂ ಸಿಗುತ್ತೆ ಅಂತ ಅಂದುಕೊಳ್ಳಬೇಡಿ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಒಳಗೆ ಕುದುರೆ ದಾರಿ ಅಂತ ಕೇಳುವುದೇ ಬೇಡ.

ವನ್ಯಧಾಮಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ನಿಮ್ಮ ಜಮೀನು ಇದ್ದರೆ ಗಡಿಯಿಂದ 1 ಕಿಲೋಮೀಟರಿನೊಳಗೆ ಹೊಸ ಹೋಟೆಲ್, ರೆಸಾರ್ಟಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಪರಿಸರ ಪ್ರವಾಸಕ್ಕೆ ಸಣ್ಣ ತಾತ್ಕಾಲಿಕ ಶೆಡ್ಡಿಗೆ ಮಾತ್ರ ವಿನಾಯಿತಿ. ಆಯಾ ವನ್ಯಧಾಮದ ಅಧಿಸೂಚನೆಯನ್ನೇ ತೆಗೆದು ಓದಬೇಕು, ಗ್ರಾಮದ ಹೆಸರು ಅದರಲ್ಲಿ ಇರುತ್ತೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕಸ್ತೂರಿರಂಗನ್ ವರದಿಯ ಭಯವೂ ಜನರಲ್ಲಿದೆ. 2024ರ ಜುಲೈ 31ರಂದು ಕೇಂದ್ರ ಆರನೇ ಸಲ ಕರಡು ಹೊರಡಿಸಿತು. ಕೊಡಗಿನ 55 ಗ್ರಾಮಗಳ ಹೆಸರು ಅದರಲ್ಲಿದೆ ಅಂತ ಇಲ್ಲಿ ದೊಡ್ಡ ಚರ್ಚೆಯಾಯಿತು. ರಾಜ್ಯ ಸಂಪುಟ ಅದೇ ಸೆಪ್ಟೆಂಬರಿನಲ್ಲಿ ಅದನ್ನು ತಿರಸ್ಕರಿಸಿತು. ಆ ಕರಡು ತಡೆಯುವುದು ಗಣಿ, ಕ್ವಾರಿ, ಹೆಚ್ಚು ಮಾಲಿನ್ಯ ಮಾಡುವ 'ಕೆಂಪು' ವರ್ಗದ ಕಾರ್ಖಾನೆ, ಭಾರಿ ಕಟ್ಟಡ, ದೊಡ್ಡ ಬಡಾವಣೆಗಳನ್ನು. ಐದು ಕುದುರೆಯ ಲಾಯಕ್ಕೆ ಆ ಕರಡು ಅಡ್ಡಿಯಲ್ಲ. ನಿಮ್ಮನ್ನು ನಿಲ್ಲಿಸುವುದು ಬಿ ಖರಾಬು, ಒಕ್ಕದ ಸಹಿ, ಲದ್ದಿ ಗುಂಡಿ ಇಂಥವೇ.

ಪ್ರಾಣಿಗಳ ಮಾತು ಬಿಡುವ ಹಾಗಿಲ್ಲ. ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ ಕಡೆ ಹುಲಿ ದನ ಹಿಡಿಯುವುದು ಹೊಸ ಸುದ್ದಿಯಲ್ಲ. ಸಿದ್ದಾಪುರ ಸುತ್ತ ತೋಟಗಳಲ್ಲಿ ಆನೆ ಹಿಂಡು ಹಗಲೇ ಇರುತ್ತೆ. ಕುದುರೆಗೆ ಆನೆಯ ವಾಸನೆ ಬಂದರೆ ಸಾಕು, ಮೇಲಿರುವ ಹೊಸಬರಿಗೆ ಹಿಡಿಯಲಾಗುವುದಿಲ್ಲ. ಈ ಭಾಗದಲ್ಲಿ ಯಾವ ಆಯ್ಕೆ ಮಾಡಿದರೂ ಸವಾರಿ ಬೆಳಗ್ಗೆ ಎಂಟರ ಮೇಲೆ, ಸಂಜೆ ನಾಲ್ಕೂವರೆಗೆ ಮುಗಿಯಬೇಕು. ಆನೆ ಕಾರ್ಯಪಡೆಯವರ ಎಚ್ಚರಿಕೆ ಬಂದ ದಿನ ಬುಕಿಂಗ್ ರದ್ದು ಮಾಡಿ, ದುಡ್ಡು ವಾಪಸ್ ಕೊಡಿ. ಲಾಯಕ್ಕೆ ಗಟ್ಟಿ ಗೋಡೆ, ರಾತ್ರಿ ದೀಪ ಬೇಕು.

ನಿಮ್ಮ ಪರಿಸ್ಥಿತಿಗೆ ಯಾವುದು?

ಹೋಂಸ್ಟೇ ಇದೆ, ತೋಟ ಇದೆ, ಕೈಯಲ್ಲಿ ದುಡ್ಡು ಕಡಿಮೆ ಅಂದರೆ ತೋಟದೊಳಗಿನ ಸುತ್ತಿನಿಂದ ಶುರುಮಾಡಿ. ಒಂದು ಮಳೆಗಾಲ ಕುದುರೆ ಹೇಗಿರುತ್ತೆ ನೋಡಿ, ಆಮೇಲೆ ಹೆಚ್ಚಿಸಿ. ಹೊಳೆ ಬದಿ ಗದ್ದೆ ನಿಮ್ಮ ಒಕ್ಕದ್ದೇ ಆಗಿದ್ದರೆ ಮೊದಲು ಅಣ್ಣತಮ್ಮಂದಿರನ್ನು ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಕೂರಿಸಿ ಮಾತಾಡಿ, ಅರ್ಜಿ ಆಮೇಲೆ. ಲಾಯ ಮೇಲೆ, ಸವಾರಿ ಒಣಗಿದ ಗದ್ದೆಯಲ್ಲಿ, ನೀರಿಗೆ ಕುದುರೆ ಇಳಿಯಬಾರದು. ಈ ಮೂರಕ್ಕೆ ಎಲ್ಲರೂ ಒಪ್ಪಿದರೆ ಮುಂದುವರಿಯಿರಿ. ಒಪ್ಪದಿದ್ದರೆ ತೋಟದ ಸುತ್ತಿಗೇ ಬನ್ನಿ. ದೊಡ್ಡದಾಗಿ ಮಾಡುವವರು ಕುಶಾಲನಗರದ ಬಯಲಿಗೆ ಹೋಗಿ.

ಎಲ್ಲಿ ಮಾಡಿದರೂ ಸವಾರರ ತೂಕ ನೋಡಿಯೇ ಹತ್ತಿಸಿ. ತಡಿ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ಕುದುರೆಯವರು ಬಳಸುವ ಲೆಕ್ಕ. 400 ಕೆಜಿಯ ಕುದುರೆಗೆ 80 ಕೆಜಿ. ಇದನ್ನು ಬೋರ್ಡಿನಲ್ಲಿ ಬರೆದು ಹಾಕಿದರೆ ಗೇಟಿನಲ್ಲಿ ಜಗಳ ಇರಲ್ಲ.

ಹೊರಗಿನಿಂದ ಬಂದು ಜಾಗ ಕೊಳ್ಳುವವರಿಗೆ ಒಂದು ಮಾತು. 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಪರಿವರ್ತನೆ ಸಿಗುತ್ತೆ ಅಂತ ಬ್ರೋಕರ್ ಹೇಳಿದರೆ ನಂಬಬೇಡಿ. ಅಡ್ವಾನ್ಸ್ ಕೊಡುವ ಕರಾರಿನಲ್ಲಿ 'ಪರಿವರ್ತನೆ ಆಗದಿದ್ದರೆ ಹಣ ವಾಪಸ್' ಅಂತ ಬರೆಸಿ. ಜಾಗವನ್ನು ಜನವರಿಯಲ್ಲಿ ಒಂದು ಸಲ, ಜುಲೈಯಲ್ಲಿ ಒಂದು ಸಲ ನೋಡಿ. ಜುಲೈಯಲ್ಲಿ ಹೋದಾಗ ಕೊಡೆ ಹಿಡಿದು ಪಕ್ಕದ ಮನೆಗೆ ಹೋಗಿ, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ. ಅವರು ಗೋಡೆ ಮೇಲಿನ ಗುರುತನ್ನೇ ತೋರಿಸುತ್ತಾರೆ.

ಸರ್ವೆ ಅರ್ಜಿಯನ್ನು ದೀಪಾವಳಿ ಹೊತ್ತಿಗೇ ಹಾಕಿಬಿಡಿ. ಮಾರ್ಚ್ ಒಳಗೆ ಅಳತೆ ಮುಗಿಯದಿದ್ದರೆ ಮಳೆ ಬರುತ್ತೆ. ಆಮೇಲೆ ಗದ್ದೆಯಲ್ಲಿ ಅಳೆಯೋಕೆ ಸೆಪ್ಟೆಂಬರ್ ಕಳೆಯಬೇಕು, ಒಂದು ಸೀಸನ್ ಸುಮ್ನೆ ಹೋಗುತ್ತೆ.